ಯಮನ ಪರವಾಗಿ ಒಂದು ದೂರು

ಕೆಲವರಿಗೆ ಬದನೆಕಾಯಿ ಆಗುವುದಿಲ್ಲ, ಕೆಲವರಿಗೆ ಧೂಳು ಆಗುವುದಿಲ್ಲ. ನನಗೆ ಆಗದಿರುವುದು ದೇವರ ಅವಹೇಳನ. ಲಕ್ಷ್ಮಿಯ ಚಿತ್ರವಿರುವ ಊದುಬತ್ತಿ ಪೊಟ್ಟಣ ಕಸದ ಬುಟ್ಟಿಯಲ್ಲಿ ಕಂಡರೆ ಆ ದಿನ ನನಗೆ ಮಧ್ಯಾಹ್ನದ ಊಟ ಸೇರುವುದಿಲ್ಲ. ಸಂಜೆ ಎರಡು ಮಸಾಲೆ ದೋಸೆ ಹೆಚ್ಚು ತಿಂದು ಸರಿದೂಗಿಸುತ್ತೇನೆ, ಆ ಮಾತು ಬೇರೆ. ಹೀಗೆ ಬೇಗ ನೊಂದುಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಸಂಘದವರು ಇದನ್ನು ಗುರುತಿಸಿಯೇ ನನ್ನನ್ನು ಧಾರ್ಮಿಕ ಉಪಸಮಿತಿಯ ಕಾರ್ಯದರ್ಶಿಯನ್ನಾಗಿ ಮಾಡಿದ್ದಾರೆ. ಉಪಸಮಿತಿಯಲ್ಲಿ ನನ್ನನ್ನು ಬಿಟ್ಟರೆ ಬೇರೆ ಯಾರೂ ಇಲ್ಲದ್ದರಿಂದ ನಮ್ಮ ನಿರ್ಣಯಗಳೆಲ್ಲ ಸರ್ವಾನುಮತದವು.

ನನ್ನ ಮನೆ ಠಾಕುರ್ಲಿಯಲ್ಲಿ, ಕೆಲಸ ಘಣಸೋಲಿಯ ಒಂದು ಪಂಪು ತಯಾರಿಸುವ ಕಂಪನಿಯಲ್ಲಿ. ಒಂದು ಸಂಜೆ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬದಲಿಸಿ ಕಿಕ್ಕಿರಿದ ಡಬ್ಬಿಯಲ್ಲಿ ನಿಂತಿದ್ದೆ. ಇಂಥ ಹೊತ್ತಿನಲ್ಲಿ ನಮ್ಮ ಕೈಕಾಲು ನಮ್ಮವಾಗಿರುವುದಿಲ್ಲ, ಕಣ್ಣೊಂದೇ ಸ್ವತಂತ್ರ. ಆ ಕಣ್ಣು ಪಕ್ಕದ ಯುವಕನ ಮೊಬೈಲಿನ ಮೇಲೆ ಬಿತ್ತು. ಅದರೊಳಗಿನ ಆಟದಲ್ಲಿ ಕೋಣದ ಮೇಲೆ ಕುಳಿತವನೊಬ್ಬನನ್ನು ಅವನು ಕೊಡಲಿಯಿಂದ ಹೊಡೆಯುತ್ತಿದ್ದ. ಪೆಟ್ಟು ತಿನ್ನುವವನ ಕೈಯಲ್ಲಿ ಪಾಶ, ತಲೆಯ ಮೇಲೆ ಕಿರೀಟ. "ಯೇ ಕೌನ್ ಹೈ?" ಎಂದು ಕೇಳಿದೆ. "ಬಾಸ್ ಹೈ ಅಂಕಲ್," ಎಂದ. ಇಂಥ ಆಟಗಳಲ್ಲಿ ಕೊನೆಗೆ ಎದುರಾಗುವ ದೊಡ್ಡ ಶತ್ರುವಿಗೆ ಬಾಸ್ ಎನ್ನುತ್ತಾರಂತೆ. ನಮ್ಮ ಆಫೀಸಿನಲ್ಲೂ ಹಾಗೆಯೇ ಎನ್ನುತ್ತೇವೆ, ಆದರೆ ಕೊಡಲಿ ಒಯ್ಯಲು ಗೇಟಿನಲ್ಲಿ ಬಿಡುವುದಿಲ್ಲ.

ಸಂಘದ ಅಧ್ಯಕ್ಷರು ಉಡುಪಿ ಕಡೆಯವರು, ಮೂರು ಹೋಟೆಲುಗಳ ಯಜಮಾನರು. ಅವರಿಗೆ ಫೋನು ಮಾಡಿದೆ. "ಯಮನಿಗೆ ಕೊಡಲಿಯಾ? ಸುಮ್ಮನೆ ಬಿಡ್ಲಿಕ್ಕೆ ಉಂಟಾ ಮಾರಾಯ್ರೆ? ನೀವೊಂದು ಖಂಡನಾ ಪತ್ರ ಬರೀರಿ. ಆದ್ರೆ ಸಾಕ್ಷಿ ಸಮೇತ ಬೇಕು, ಕಡೆಗೆ ನಮ್ಮನ್ನೇ ನೆಗಾಡ್ಬಾರ್ದು," ಎಂದರು.

ಸಾಕ್ಷಿಗಾಗಿ ಮಗಳು ನಿಶಾಳ ಹತ್ತಿರ ಹೋದೆ. ಅವಳು ಎಂ.ಎಸ್‌ಸಿ. ಓದುತ್ತಾಳೆ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಇಪ್ಪತ್ತೆರಡು ವರ್ಷಗಳಿಂದ ನಮ್ಮ ಸಂಸಾರ ಹೀಗೆಯೇ ನಡೆದುಬಂದಿದೆ. "ಪಪ್ಪಾ, ಯಮ ತೀಸ್ವೇ ಲೆವೆಲ್ ಪೇ ಆತಾ ಹೈ. ಖೇಲನಾ ಪಡೇಗಾ," ಎಂದಳು. ಮೂವತ್ತನೆಯ ಮಟ್ಟಕ್ಕೆ ಏರದೆ ಯಮದರ್ಶನವಿಲ್ಲ. ಧರ್ಮಕ್ಕಾಗಿ ಆಡಲೇಬೇಕಾಯಿತು. ಮೊಬೈಲಿಗೆ ಹಾಕಿಕೊಂಡ ಕೂಡಲೇ ಆಟವು ಆಟಗಾರನ ಹೆಸರು ಕೇಳಿದಾಗ 'ಧರ್ಮರಕ್ಷಕ' ಎಂದು ಕೊಟ್ಟೆ. ಆ ಹೆಸರು ಆಗಲೇ ಬೇರೆಯವರ ಪಾಲಾಗಿತ್ತು, ಹಿಂದೆ ಒಂದು ಸಂಖ್ಯೆ ಸೇರಿಸಿಕೊಳ್ಳಬೇಕೆಂದಿತು. ಹಾಗೆ ನಾನು ಧರ್ಮರಕ್ಷಕ ಎಂಟುನೂರ ನಲವತ್ತೇಳು ಆದೆ.

ಆ ಲೋಕದಲ್ಲಿ ಜಗತ್ತಿನ ದೇವರುಗಳೆಲ್ಲ ಸಂತೆಗೆ ಬಂದವರ ಹಾಗೆ ಕಲೆತಿದ್ದರು. ಉತ್ತರ ಯುರೋಪಿನ ಸುತ್ತಿಗೆಯ ದೇವರು, ಈಜಿಪ್ಟಿನ ನಾಯಿಮುಖದ ದೇವರು, ಗ್ರೀಸಿನ ಹಾವುಗೂದಲ ಹೆಂಗಸು. ಸುತ್ತಿಗೆಯವನನ್ನು ದಿವಾ ಮತ್ತು ಕೋಪರ್ ಸ್ಟೇಷನ್ನುಗಳ ನಡುವೆ ಮುಗಿಸಿದೆ. ನಾಯಿಮುಖದವನು ಮೂರು ದಿನ ತೆಗೆದುಕೊಂಡ. ಅವನು ಬಿದ್ದಾಗ ಡಬ್ಬಿಯಲ್ಲಿ ನಿಂತಿದ್ದವರು ನನ್ನ ಬೆನ್ನು ತಟ್ಟಿದರು. ಆ ದೇವರುಗಳಿಗೂ ಎಲ್ಲೋ ಭಕ್ತರಿದ್ದಾರು, ಆ ಭಕ್ತರಿಗೂ ಒಂದು ಉಪಸಮಿತಿ ಇದ್ದೀತು ಎಂಬ ಯೋಚನೆ ನನ್ನ ಹತ್ತಿರ ಸುಳಿಯಲಿಲ್ಲ. ನಮ್ಮವರು ಕಂಡಾಗ ಮಾತ್ರ ಆಟ ನಿಲ್ಲಿಸಿ ನೋಟ್‌ಬುಕ್ಕು ತೆಗೆಯುತ್ತಿದ್ದೆ. ಐರಾವತ ಬಾಡಿಗೆಗೆ ಸಿಗುತ್ತದೆ, ಬರೆದುಕೊಂಡೆ. ಚಿತ್ರಗುಪ್ತ ಅಂಗಡಿ ಇಟ್ಟಿದ್ದಾನೆ, ಅಲ್ಲಿ ಸಂಜೀವಿನಿ ಸೊಪ್ಪು ಐದು ಕಟ್ಟು ಕೊಂಡರೆ ಒಂದು ಕಟ್ಟು ಉಚಿತ, ಬರೆದುಕೊಂಡೆ. ಬರೆದುಕೊಂಡ ಮೇಲೆ ಐದು ಕಟ್ಟು ಕೊಂಡೆ. ಉಚಿತದ್ದನ್ನೂ ಬಿಡಲಿಲ್ಲ.

ಕೊನೆಗೂ ಮೂವತ್ತನೆಯ ಮಟ್ಟ ಬಂತು. ಯಮನ ಸಭೆಯಲ್ಲಿ ಕಾಲಿಟ್ಟೆ, ಎರಡು ನಿಮಿಷದಲ್ಲಿ ಸತ್ತೆ. ಮತ್ತೆ ಹೋದೆ, ಮತ್ತೆ ಸತ್ತೆ. ಕತ್ತಿ, ಗದೆ, ಬಾಣ, ಹಿಂದಿನಿಂದ ಹೋಗಿ ಕೋಣದ ಬಾಲಕ್ಕೆ ಬೆಂಕಿ ಹಚ್ಚುವುದು, ಎಲ್ಲ ಮಾಡಿ ನೋಡಿದೆ. ಸಾಕ್ಷಿ ಮೊದಲನೆಯ ದಿನವೇ ಸಿಕ್ಕಿತ್ತು. ಆದರೂ ಮೂರು ವಾರ ಬೆಳಿಗ್ಗೆ ಎದ್ದು ಯಮಲೋಕಕ್ಕೆ ಹೋಗಿಬರುತ್ತಿದ್ದೆ. "ಪೂಜೆಗೆ ಕರೆದ್ರೆ 'ಒಂದು ನಿಮಿಷ ಇರು, ಯಮನ ಹತ್ರ ಇದ್ದೇನೆ' ಅಂತೀರಲ್ಲ, ಪಕ್ಕದ ಮನೆಯವ್ರು ಕೇಳಿದ್ರೆ ಏನು ಗ್ರಹಿಸುದು?" ಎಂದು ಹೆಂಡತಿ ಶಾರದಾ ಗೊಣಗಿದಳು. ನಾನು ಸಂಶೋಧನೆ ಎಂದೆ.

ಈ ಮಧ್ಯೆ ಖಂಡನಾ ಪತ್ರವೂ ಸಿದ್ಧವಾಯಿತು. ಆಟ ತಯಾರಿಸಿದ ಕಂಪನಿ ನವಿ ಮುಂಬಯಿಯದ್ದೇ. ಅದರಲ್ಲಿ ಚಿತ್ರ ಬರೆದವರ ಪಟ್ಟಿ ನೋಡುತ್ತಿದ್ದಾಗ ಒಂದು ಹೆಸರು ಕಣ್ಣಿಗೆ ಬಿತ್ತು: ರೇಣುಕಾ. ವಿಚಾರಿಸಿದರೆ, ಟಿಟ್ವಾಳಾದಲ್ಲಿರುವ, ವಿಜಯಪುರ ಕಡೆಯ ಕುಟುಂಬದ ಹುಡುಗಿ. ಹಿಂದೆ ನಮ್ಮ ಸಂಘದ ರಂಗೋಲಿ ಸ್ಪರ್ಧೆಯಲ್ಲಿ ಸಮಾಧಾನಕರ ಬಹುಮಾನ ಪಡೆದಿದ್ದಳು. ನಮ್ಮವಳೇ ಎಂದು ತಿಳಿದ ಮೇಲೆ ನನ್ನ ನೋವು ಇಮ್ಮಡಿಯಾಯಿತು, ಏಕೆಂದರೆ ಕರೆದರೆ ಬರುವವಳು ಸಿಕ್ಕಿದ್ದಳು. ಅವಳು ಸಂಘದ ಮುಂದೆ ತಪ್ಪೊಪ್ಪಿಗೆ ಬರೆದುಕೊಡಬೇಕು, ಇಲ್ಲವಾದರೆ ಅವಳ ಮೇಲೆ ಕ್ರಮ ಕೈಗೊಳ್ಳುವಂತೆ ನಾವು ಕಂಪನಿಗೆ ಬರೆಯಬೇಕು ಎಂದು ಉಪಸಮಿತಿ ಸರ್ವಾನುಮತದಿಂದ ತೀರ್ಮಾನಿಸಿತು.

ಭಾನುವಾರ ಮಧ್ಯಾಹ್ನ ಸಂಘದ ಹಾಲಿನಲ್ಲಿ ಇಪ್ಪತ್ತು ಮಂದಿ ಸೇರಿದರು. ರೇಣುಕಾ ತಾಯಿಯ ಜೊತೆ ಬಂದಳು. ಅಧ್ಯಕ್ಷರು ಗಂಟಲು ಸರಿಮಾಡಿಕೊಳ್ಳುವ ಮೊದಲೇ ಆ ತಾಯಿ ಎದ್ದು ನಿಂತು, "ತಪ್ಪಾಗಿದ್ರ ಬೈರಿ ಸಾಹೇಬ್ರ, ಆದ್ರ ಕಂಪನಿಗೆ ಬರೀಬ್ಯಾಡ್ರಿ. ಇಬ್ಬರು ಸಣ್ಣವರ ಸಾಲಿ ಈಕಿ ಪಗಾರದಾಗ ನಡೀತೈತ್ರಿ," ಎಂದಳು. ಯಾರೂ ಅವಳ ಮುಖ ನೋಡಲಿಲ್ಲ. ನಾನಂತೂ ನೋಟ್‌ಬುಕ್ಕು ನೋಡುತ್ತಿದ್ದೆ.

ಆರೋಪಗಳನ್ನು ಒಂದೊಂದಾಗಿ ಓದಿದೆ. ಕೊನೆಗೆ, "ಸಾಕ್ಷಾತ್ ಯಮಧರ್ಮರಾಯನಿಗೆ ಹಮಾಲರ ಹಾಗೆ ಗಿರಿಜಾ ಮೀಸೆ, ಹೆಗಲ ಮೇಲೆ ಕೆಂಪು ಟವೆಲು. ಇದು ಯಾವ ಪುರಾಣದಲ್ಲಿದೆ?" ಎಂದು ಕೇಳಿದೆ.

"ಪುರಾಣದಾಗ ಇಲ್ರಿ ಸರ್," ಎಂದಳು ರೇಣುಕಾ. "ಅವ ನಮ್ಮಪ್ಪರೀ. ಊರಾಗ ದೊಡ್ಡಾಟದಾಗ ಯಮನ ಪಾರ್ಟು ಮಾಡ್ತಿದ್ದ. ಈಗ ಕಲ್ಯಾಣ ಮಾರ್ಕೆಟ್‌ನ್ಯಾಗ ಹಮಾಲಿ ಮಾಡ್ತಾನ. ಯಮನ ಚಿತ್ರ ತೆಗಿ ಅಂದ್ರ ನನಗ ಬ್ಯಾರೆ ಮಖ ಬರಲಿಲ್ರಿ. ಮೀಸಿ ಅವಂದ, ಟವೆಲ್ಲೂ ಅವಂದ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸಾಕ್ಷಿ ಸಿದ್ಧಮಾಡಿಕೊಂಡು ಬಂದವನಿಗೆ ಅದನ್ನು ತೋರಿಸದೆ ಹೋಗುವುದು ಕಷ್ಟ. "ತಂದೆಯ ವಿಷಯ ಬೇರೆ, ಸಾಕ್ಷಿ ನೋಡಿ," ಎಂದು ನನ್ನ ಮೊಬೈಲನ್ನು ಸಂಘದ ಟಿವಿಗೆ ಜೋಡಿಸಿದೆ. ಯಮನ ಬದಲು ಬೇರೊಂದು ಪುಟ ತೆರೆದುಕೊಂಡಿತು. ಆಟದಲ್ಲಿ ನಾನು ಏನೇನು ಮಾಡಿದ್ದೇನೆ ಎಂಬುದರ ಪಟ್ಟಿ ಅದು. ಆ ಚಿತ್ರಗುಪ್ತ ಅಂಗಡಿಯ ಜೊತೆಗೆ ತನ್ನ ಹಳೆಯ ಕೆಲಸವನ್ನೂ ಬಿಟ್ಟಿರಲಿಲ್ಲ.

ರೇಣುಕಾ ಹತ್ತಿರ ಬಂದು ಓದಿದಳು. "ಸರ್, ಇದು ನಿಮ್ಮ ಅಕೌಂಟರೀ?"

"ಹೌದು."

"ದುರ್ಗವ್ವನ ತ್ರಿಶೂಲ ಕರಗಿಸಿ ಬೂಟು ಮಾಡ್ಕೊಂಡೀರಲ್ರೀ."

ಯಮನ ಸಭೆಯ ನೆಲ ಕಾದಿರುತ್ತದೆ. ಕಬ್ಬಿಣದ ಬೂಟಿಲ್ಲದೆ ನಿಲ್ಲಲಾಗುವುದಿಲ್ಲ. ಚೀಲದಲ್ಲಿ ಬೇರೆ ಲೋಹ ಇರಲಿಲ್ಲ. ಇದನ್ನೆಲ್ಲ ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ನಿಧಾನವಾಗಿ, ಬೈಯುವ ದನಿಯಿಲ್ಲದೆ, "ದೇವಿ ವಸ್ತು ಖರೇನ ಕರಗಿಸ್ತೀರೇನ್ರಿ ಅಂತ ಆಟ ಮೂರು ಸಲ ಕೇಳತೈತ್ರಿ. ಜಗಳ ಮಾಡಿ ನಾನಽ ಹಾಕಿಸೀನಿ ಅದನ್ನ. ಯಾರೂ ಮೂರನೇ ಸಲ ಹೌದು ಅನ್ನಂಗಿಲ್ಲ ಅನ್ಕೊಂಡಿದ್ದೆ," ಎಂದಳು.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. "ಬೂಟಾ ಮಾರಾಯ್ರೆ?"

"ನೆಲ ಬಿಸಿ ಇತ್ತು," ಎಂದೆ.

ಅಧ್ಯಕ್ಷರು ಸುಮ್ಮನೆ ದೊಡ್ಡವರಾಗಿಲ್ಲ. ಗಾಳಿ ಯಾವ ಕಡೆಗೆ ಎಂಬುದು ಅವರ ಮೂರೂ ಹೋಟೆಲುಗಳಿಗೆ ಗೊತ್ತು. ಹತ್ತು ನಿಮಿಷದಲ್ಲಿ ಸಭೆ ಖಂಡನೆಯಿಂದ ಸನ್ಮಾನಕ್ಕೆ ತಿರುಗಿತು. ನಮ್ಮ ಕನ್ನಡದ ಹುಡುಗಿ, ನಮ್ಮ ದೊಡ್ಡಾಟ, ನಮ್ಮ ಯಮ. ರಾಜ್ಯೋತ್ಸವದಂದು ಶಾಲು, ಹಾರ, ಫಲತಾಂಬೂಲ. ಅಭಿನಂದನಾ ಪತ್ರ ಬರೆಯುವ ಹೊಣೆ ಮತ್ತೆ ನನಗೇ ಬಂತು. ಹೆಚ್ಚು ಕೆಲಸವಾಗಲಿಲ್ಲ. ಖಂಡನಾ ಪತ್ರದಲ್ಲಿ 'ಧಕ್ಕೆ' ಇದ್ದ ಕಡೆ 'ಹೆಮ್ಮೆ' ಹಾಕಿದೆ, 'ಕ್ರಮ ಕೈಗೊಳ್ಳಬೇಕು' ಎಂಬಲ್ಲಿ 'ಬಡ್ತಿ ನೀಡಬೇಕು' ಎಂದು ತಿದ್ದಿದೆ. 'ಕೋಟ್ಯಂತರ ಆಸ್ತಿಕರು' ಹಾಗೆಯೇ ಉಳಿದರು, ಅವರು ಎರಡಕ್ಕೂ ಒದಗುತ್ತಾರೆ.

ರಾಜ್ಯೋತ್ಸವದ ದಿನ ಅವಳ ತಂದೆಯೂ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಅದೇ ಮೀಸೆ. ಮೊದಲ ಸಾಲಿನಲ್ಲಿ ಕುಳಿತಿದ್ದ ಅವರನ್ನು ಕಂಡಾಗ ಭಾಷಣದ ನಡುವೆ ಎರಡು ಸಲ ತೊದಲಿದೆ. ಮೂರು ವಾರ ದಿನಾ ಬೆಳಿಗ್ಗೆ ನನ್ನನ್ನು ಕೊಂದ ಮುಖ ಅದು. ಕಾರ್ಯಕ್ರಮ ಮುಗಿದು ಎಲ್ಲರೂ ಪಲಾವಿನ ಕಡೆ ಹೋದ ಮೇಲೆ ನಾನು ಆ ತಂದೆ ಮಗಳಿಬ್ಬರ ಹತ್ತಿರ ಹೋಗಿ, ಆಚೀಚೆ ನೋಡಿ, ತಗ್ಗಿದ ದನಿಯಲ್ಲಿ ಕೇಳಿದೆ: "ರೇಣುಕಾ, ಆ ಯಮನನ್ನು ಸೋಲಿಸುವುದು ಹೇಗಮ್ಮ?"

"ಸೋಲಂಗಿಲ್ರಿ ಸರ್ ಅವ," ಎಂದಳು. "ಎಷ್ಟು ಹೊಡೆದ್ರೂ ಸೋಲಂಗಿಲ್ಲ. ಮುಂದ ಹೋಗಿ ಕೈಮುಗಿದು ನಿಂತ್ರ ತಾನಽ ದಾರಿ ಬಿಡ್ತಾನ. ಎಲ್ಲಾರೂ ಒಂದೆರಡು ಸಲ ಸತ್ತ ಮ್ಯಾಲೆ ಕೈ ಮುಗೀತಾರ್ರಿ."

ಅವಳ ತಂದೆ ಮೀಸೆಯಡಿಯಲ್ಲೇ ನಕ್ಕು, "ನಿಮಗ ಎಷ್ಟು ಸಲ ಆತ್ರಿ?" ಎಂದು ಕೇಳಿದರು. ನಾನು ಪಲಾವು ಆರುತ್ತದೆ ಎಂದು ಹೊರಟೆ. ಧಾರ್ಮಿಕ ಉಪಸಮಿತಿಗೆ ಈ ವರ್ಷವೂ ನನ್ನನ್ನೇ ಕಾರ್ಯದರ್ಶಿಯಾಗಿ ಅವಿರೋಧವಾಗಿ ಆರಿಸಿದ್ದಾರೆ.