ಎರಡನೇ ಸ್ಥಾನದ ಕ್ಲಬ್ಬೂ ಪಕ್ಕದ ಮನೆ ರಾಯರೂ

ಬೇಡ ಬೇಡ ಅಂದರೂ ಊರವರ ಉಸಾಬರಿಯೆಲ್ಲ ನನ್ನ ತಲೆಗೇ ಬಂದು ಗಂಟು ಬೀಳುತ್ತೆ. ಮೈಸೂರಲ್ಲಿದ್ದಾಗ ಪಕ್ಕದ ಮನೆಯವರ ಮಗಳ ಜಾತಕ. ಐರ್ಲೆಂಡಿಗೆ ಬಂದಮೇಲೆ ಪಕ್ಕದ ಮನೆಯವರ ಫುಟ್‌ಬಾಲ್ ಕ್ಲಬ್ಬು. ನಾನು ಅತ್ಲೋನಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ಮಾಡ್ತೀನಿ. ಫುಟ್‌ಬಾಲ್ ಬಗ್ಗೆ ನನಗೆ ಗೊತ್ತಿದ್ದಿದ್ದು ಇಷ್ಟೇ: ಚೆಂಡನ್ನ ಕೈಯಲ್ಲಿ ಮುಟ್ಟಬಾರದು. ಈಗ ನೋಡಿದರೆ ಅರ್ಜೆಂಟೀನಾದ ಒಂದು ಕ್ಲಬ್ಬಿನ ಪೂರ್ತಿ ಚರಿತ್ರೆ ನನಗೆ ಬಾಯಿಪಾಠ. ನನ್ನ ಗಂಡನ ವಂಶದ ಚರಿತ್ರೆ ಕೂಡ ಇಷ್ಟು ಗೊತ್ತಿಲ್ಲ.

ಈ ಪಕ್ಕದ ಮನೆಯವರು ಅರ್ಜೆಂಟೀನಾದವರು, ವಯಸ್ಸಾದವರು. ಹೆಂಡತಿ ತೀರಿಕೊಂಡಮೇಲೆ, ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್ ಆಗಿರೋ ಮಗಳ ಜೊತೆ ಇರೋಕೆ ಬಂದಿದ್ದಾರೆ. ಮೊಮ್ಮಗಳನ್ನ ನೋಡೋಕೆ ಅಂತ ಮೈಸೂರಿಂದ ಬಂದ ನಮ್ಮತ್ತೆ, ಅವರ ಬಿಳಿ ಮೀಸೆ, ಇಸ್ತ್ರಿ ಮಾಡಿದ ಶರಟು ನೋಡಿ "ಪಕ್ಕದ ಮನೆ ರಾಯರು" ಅಂತ ಹೆಸರಿಟ್ಟುಬಿಟ್ಟರು. ನಮಗೂ ಅದೇ ರೂಢಿಯಾಯಿತು. ಅವರು ಅತ್ತೆಯನ್ನ ಕರೆಯೋದು "ಸೆನ್ಯೋರಾ", ಅಂದರೆ ಅಮ್ಮಾವರು ಅಂತ.

ಮೊದಲ ಗೋಲ್‌ಕೀಪರ್

ರಾಯರ ಕ್ಲಬ್ಬು ಹುಟ್ಟಿದ್ದು ಬ್ಯೂನಸ್ ಐರಿಸ್‌ನ ಅಂಚಿನ ಒಂದು ರೈಲ್ವೆ ರಿಪೇರಿ ಶೆಡ್ಡಿನಲ್ಲಿ. ಊಟದ ಬಿಡುವಿನಲ್ಲಿ ಕೆಲಸದವರು ಹಳಿ ಪಕ್ಕದ ಜಾಗದಲ್ಲಿ ಚೆಂಡು ಒದೀತಿದ್ದರು. ಗೂಡ್ಸ್ ಗಾಡಿ ಬಂದರೆ ಆಟ ನಿಲ್ಲಿಸಿ ದಾರಿ ಬಿಡಬೇಕು. ಕ್ಲಬ್ಬಿನ ಚರಿತ್ರೆಯಲ್ಲಿ ಮೊಟ್ಟಮೊದಲ ಗೋಲು ಅವರ ಮೇಲೇ ಬಿತ್ತಂತೆ. ಗೋಲ್‌ಕೀಪರ್ ಆ ಹೊತ್ತಿಗೆ ಹೋಗ್ತಾ ಇದ್ದ ಗಾಡಿಯ ಗಾರ್ಡಿಗೆ ಕೈ ಬೀಸ್ತಾ ನಿಂತಿದ್ದ.

ಆ ಗೋಲ್‌ಕೀಪರ್ ಐರ್ಲೆಂಡಿನವನು, ಅದೂ ಈ ಅತ್ಲೋನ್ ಸುತ್ತಮುತ್ತಲಿನವನೇ ಅಂತ ರಾಯರ ವಾದ. ಅವನ ಊರಲ್ಲೇ ಬಂದು ನೆಲೆಸಿದೀನಲ್ಲ ಅಂತ ಅವರಿಗೆ ಪುಳಕ. ಒಂದು ಶನಿವಾರ, "ನನ್ನ ಇಂಗ್ಲಿಷ್ ತಡವರಿಸುತ್ತೆ, ನೀನು ಬಾ ಮಗಳೇ" ಅಂತ ನನ್ನನ್ನ ನದಿ ದಡದ ಪಬ್ಬಿಗೆ ಕರ್ಕೊಂಡು ಹೋದರು. ನಾನು ಕಿತ್ತಳೆ ರಸ ಹಿಡಿದು ಕೂತೆ. ರಾಯರು ಕೌಂಟರ್ ಮೇಲೆ ಕೈಯೂರಿ ಭಾಷಣ ಶುರು ಮಾಡಿದರು: "ನಿಮ್ಮೂರಿನ ಮನುಷ್ಯ ನಮ್ಮ ಕ್ಲಬ್ಬಿನ ಮೊದಲ ಗೋಲ್‌ಕೀಪರ್!"

"ಓಹ್, ಗ್ರ್ಯಾಂಡ್!" ಅಂದ ಕೌಂಟರಿನವನು. "ಚಾಂಪಿಯನ್ ಆಗಿದೀರಾ?"

"ಇಲ್ಲ."

"ಒಂದು ಸಲಾನೂ?"

"ಒಂದು ಸಲಾನೂ ಇಲ್ಲ. ಎರಡನೇ ಸ್ಥಾನ ಬೇಕಾದಷ್ಟು ಸಲ ಬಂದಿದೆ."

ಅವನು ಗ್ಲಾಸ್ ಒರೆಸೋದು ನಿಲ್ಲಿಸಿ, ಬಹಳ ಗೌರವದಿಂದ ಹೇಳಿದ: "ಹಾಗಿದ್ರೆ ನಮ್ಮೋನೇ ಬಿಡಿ ಸರ್, ಅನುಮಾನವೇ ಬೇಡ."

ಮಾಂಸದಂಗಡಿ

ಒಂದು ವರ್ಷ ಕ್ಲಬ್ಬು ಇನ್ನೇನು ಚಾಂಪಿಯನ್ ಆಯ್ತು ಅನ್ನೋವಾಗ, ಕೊನೇ ಪಂದ್ಯದಲ್ಲಿ ಅವರ ಆಟಗಾರನೇ ಚೆಂಡನ್ನ ಅವರದೇ ಗೋಲಿಗೆ ಹೊಡೆದುಬಿಟ್ಟ. ಆಟ ಬಿಟ್ಟಮೇಲೆ ಪಾಪ ಕ್ಲಬ್ಬಿನ ಬಡಾವಣೇಲೇ ಮಾಂಸದಂಗಡಿ ಇಟ್ಟ. ಒಂದು ನರಪಿಳ್ಳೆಯೂ ಆ ಕಡೆ ತಲೆ ಹಾಕಲಿಲ್ಲವಂತೆ. ರಾಯರ ತಾತ ಮಾತ್ರ ಕದ್ದುಮುಚ್ಚಿ ಹಿಂದಿನ ಬಾಗಿಲಿಂದ ಹೋಗಿ ತರ್ತಿದ್ದರು. "ಯಾಕೆ, ಕನಿಕರವಾ?" ಅಂತ ಕೇಳಿದೆ. "ಕನಿಕರ ಎಲ್ಲೀದು? ಅಷ್ಟು ಒಳ್ಳೇ ಮಾಂಸ ಬೇರೆ ಕಡೆ ಸಿಗ್ತಿರಲಿಲ್ಲ."

ತಾತ ಕ್ಲಬ್ಬು ಗೆಲ್ಲೋದನ್ನ ನೋಡದೇ ಹೋದರು. ಅಪ್ಪನೂ ಹಾಗೇ. ಅಪ್ಪ ಆಸ್ಪತ್ರೆಯಲ್ಲಿ ಕೊನೇ ದಿನಗಳಲ್ಲಿದ್ದಾಗ ಒಂದು ದೊಡ್ಡ ಪಂದ್ಯ ನಡೀತಿತ್ತು. ಕ್ಲಬ್ಬು ಸೋತಿತು. ಅಪ್ಪ ಕಣ್ಣು ತೆರೆದು, "ಏನಾಯ್ತು?" ಅಂದರು. ರಾಯರು ಮನಸ್ಸು ಕಲ್ಲು ಮಾಡಿಕೊಂಡು "ಗೆದ್ವಿ ಅಪ್ಪ" ಅಂದರು. ಅಪ್ಪ ಮಗನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಸಾಯೋನ ಹತ್ತಿರ ತಮಾಷೆ ಮಾಡಬಾರದು ಕಣೋ" ಅಂದರಂತೆ.

ನಾನು ನಕ್ಕುಬಿಟ್ಟೆ. ನಕ್ಕಮೇಲೆ ಸಂಕಟ ಆಯಿತು. ರಾಯರೂ ನಗ್ತಿದ್ದರು, ಆದರೆ ಕಣ್ಣು ಒದ್ದೆಯಾಗಿತ್ತು. "ನಾನಾದರೂ ಒಂದು ಸಲ, ಈ ಕಣ್ಣಲ್ಲಿ ನೋಡಬೇಕು ಮಗಳೇ" ಅಂದರು. "ಒಂದೇ ಸಲ ಸಾಕು."

ಅತ್ತೆಯ ಮಡಿ

ಈ ವರ್ಷ ಏನು ಗ್ರಹಗತಿಯೋ, ಕ್ಲಬ್ಬು ಗೆಲ್ತಾ ಗೆಲ್ತಾ ನಾಕೌಟ್ ಸುತ್ತಿಗೆ ಬಂತು. ಅಲ್ಲಿ ಮಧ್ಯಾಹ್ನದ ಪಂದ್ಯ, ಇಲ್ಲಿ ಸಂಜೆ. ಪಂದ್ಯದ ದಿನ ರಾಯರು ಒಂದು ಹಳೇ ಹಸಿರು ಜೆರ್ಸಿ ಹಾಕ್ತಿದ್ದರು, ಅಪ್ಪನ ಕಾಲದ್ದು. ಗೆಲ್ಲೋಕೆ ಶುರುವಾದಾಗಿಂದ ಅದನ್ನ ಒಗೆಯೋ ಹಾಗಿಲ್ಲ. ಒಗೆದರೆ ಅದೃಷ್ಟ ನೀರಲ್ಲಿ ಹೋಗುತ್ತೆ ಅಂತ ಅವರ ಕಡೆ ಶಾಸ್ತ್ರ.

ಇದು ನಮ್ಮತ್ತೆಗೆ ಹೇಗೆ ಗೊತ್ತಾಗಬೇಕು? ಬೇಲಿ ಮೇಲೆ ಗಾಳಿಗೆ ಹಾಕಿದ್ದ ಜೆರ್ಸಿ ನಮ್ಮ ಕಡೆ ಬಿದ್ದಿದೆ. ಅತ್ತೆ ಅದನ್ನ ಎರಡು ಬೆರಳಲ್ಲಿ ಎತ್ತಿ, "ಅಯ್ಯೋ, ಹೆಂಡತಿ ಇಲ್ಲದ ಗಂಡಸು, ಯಾರು ಒಗೆದುಕೊಡ್ತಾರೆ" ಅಂತ ಮರುಗಿ, ಬಿಸಿನೀರಲ್ಲಿ ನೆನೆಸಿ, ತಿಕ್ಕಿ, ಹಿಂಡಿ, ನಮ್ಮ ಹಗ್ಗದ ಮೇಲೆ ಒಣಗಿಹಾಕಿದರು. ನಾನು ಆಫೀಸಿಂದ ಬಂದಾಗ ರಾಯರು ಬೇಲಿ ಹಿಡಿದುಕೊಂಡು, ಹಗ್ಗದ ಮೇಲೆ ನೇತಾಡ್ತಿದ್ದ ಜೆರ್ಸಿಯನ್ನೇ ನೋಡ್ತಾ ನಿಂತಿದ್ದರು. ಬೈದಿದ್ದರೆ ವಾಸಿಯಿತ್ತು. "ಅದರಲ್ಲಿ ಅಪ್ಪನ ವಾಸನೆ ಇತ್ತು" ಅಂದರು, ಅಷ್ಟೇ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅರ್ಥ ಆದಮೇಲೆ ಅತ್ತೆ ಎರಡು ಹೊತ್ತು ಸರಿಯಾಗಿ ಊಟ ಮಾಡಲಿಲ್ಲ.

ಆ ಭಾನುವಾರ ಕ್ಲಬ್ಬು ಯಾವತ್ತೂ ಆಡದ ಹಾಗೆ ಆಡಿ ಗೆದ್ದುಬಿಡ್ತು! ಮಾರನೇ ಬೆಳಗ್ಗೆ ಬಾಗಿಲು ತೆಗೆದರೆ ರಾಯರು ನಿಂತಿದ್ದಾರೆ. ಒಂದು ಕೈಯಲ್ಲಿ ಜೆರ್ಸಿ, ಇನ್ನೊಂದು ಕೈಯಲ್ಲಿ ಸೋಪಿನ ಪುಡಿ. "ಸೆನ್ಯೋರಾ ಇದಾರಾ?"

ಮಳೆ

ಸೆಮಿಫೈನಲ್ ದಿನ ಮತ್ತೆ ಒಗೆದಿದ್ದಾಯಿತು. ಅತ್ಲೋನಿನ ಹವಾ ನಿಮಗೆ ಗೊತ್ತಲ್ಲ, ಬಟ್ಟೆ ಒಣಗೋ ಊರಲ್ಲ ಇದು. ಜೆರ್ಸಿ ಇನ್ನೂ ಹಗ್ಗದ ಮೇಲಿದ್ದಾಗಲೇ ಪಂದ್ಯ ಶುರುವಾಯಿತು, ನಾನೂ ರಾಯರ ಮನೆ ಟಿವಿ ಮುಂದೆ ಕೂತೆ. ಹಿಂದೆಯೇ ಮಳೆ. ರಾಯರು ಓಡಿ ಹೋಗಿ ತಂದರು, ಅಷ್ಟರಲ್ಲಿ ಅವರ ಕ್ಲಬ್ಬು ಗೋಲು ಹೊಡೆದಿತ್ತು. ಮಳೆ ನಿಂತಿತು, ಮತ್ತೆ ಹಾಕಿ ಬಂದು ಕೂತರು. ಎದುರಿನವರು ಗೋಲು ಹೊಡೆದರು. ಮತ್ತೆ ಮಳೆ, ಮತ್ತೆ ಓಡಿದರು. ಮತ್ತೆ ಇವರ ಗೋಲು.

ರಾಯರು ಬಾಗಿಲಲ್ಲೇ ತೊಟ್ಟಿಕ್ಕುತ್ತಾ ನಿಂತರು. "ಬಟ್ಟೆಯಿಂದ ಅಲ್ಲ" ಅಂದರು ಮೆಲ್ಲಗೆ. "ನನ್ನಿಂದ. ನಾನು ನೋಡದಿದ್ದಾಗ ಗೆಲ್ತಾರೆ."

ಉಳಿದ ಪಂದ್ಯ ಪೂರ್ತಿ ಅವರು ಮಳೆಯಲ್ಲೇ ನಿಂತರು. ಗೆದ್ದಮೇಲೆ ಮಗಳು ಡ್ಯೂಟಿಯಿಂದ ಬಂದು, ಅಪ್ಪನ ಜ್ವರ ನೋಡಿ, "ಯಾರು ಗೆದ್ರು?" ಅಂದಳು. "ನಾವು" ಅಂತ ರಾಯರು ಸೀನಿದರು.

ಫೈನಲ್

ಫೈನಲ್ ದಿನವೂ ಮಗಳಿಗೆ ಡ್ಯೂಟಿ. ರಾಯರು ನನ್ನನ್ನೂ ಅತ್ತೆಯನ್ನೂ ಅವರ ಸೋಫಾದ ಮೇಲೆ ಕೂರಿಸಿ, "ಯಾರಾದರೂ ನಮ್ಮ ಪರವಾಗಿ ನೋಡಬೇಕು" ಅಂತ ಹೇಳಿ, ಹಿತ್ತಲಿಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು.

ಪಂದ್ಯ ಮುಗೀತಾ ಬಂತು, ಇಬ್ಬರದೂ ಸೊನ್ನೆ. ನನಗೆ ತಡೆಯೋಕಾಗಲಿಲ್ಲ. ಅಡುಗೆಮನೆ ಬಾಗಿಲು ತೆಗೆದು ಕೂಗಿದೆ: "ಬನ್ನಿ ಒಳಗೆ! ಜೀವಮಾನವಿಡೀ ಕಾದಿದೀರಿ. ನೋಡದೇ ಗೆದ್ರೆ ಏನು ಬಂತು?"

ಅವರು ತಿರುಗಲಿಲ್ಲ. "ಅಲ್ಲಿ ಇಡೀ ಬಡಾವಣೆ ಕಾಯ್ತಿದೆ ಮಗಳೇ. ನನ್ನ ಒಬ್ಬನ ಆಸೆಗೆ ಅವರನ್ನ ಸೋಲಿಸಲಾ?" ಒಂದು ಹೆಜ್ಜೆ ಬಾಗಿಲ ಕಡೆ ಇಟ್ಟರು. ಮತ್ತೆ ಹಿಂದೆ ಹೋದರು. ನನಗೆ ಅಳು ಬಂತು.

ಅಷ್ಟರಲ್ಲೇ ಒಳಗೆ ಟಿವಿ ಹುಚ್ಚೆದ್ದು ಕಿರುಚಿತು. ಗೋಲು. ಸ್ವಲ್ಪ ಹೊತ್ತಿಗೆ ಕೊನೇ ಸೀಟಿ. ರಾಯರ ಕ್ಲಬ್ಬು ಮೊದಲ ಸಲ ಚಾಂಪಿಯನ್ ಆಗಿತ್ತು, ಅವರು ನೋಡಲಿಲ್ಲ. ಅವರನ್ನ ನೋಡ್ತಾ ನಿಂತ ನಾನೂ ನೋಡಲಿಲ್ಲ. ಅತ್ಲೋನಿನ ನಮ್ಮ ಬೀದಿಯಲ್ಲಿ ಆ ಗೋಲನ್ನ ಕಣ್ಣಾರೆ ಕಂಡಿದ್ದು ನಮ್ಮತ್ತೆ ಒಬ್ಬರೇ.

ರಾಯರು ಅಳ್ತಾ ನಗ್ತಾ ಒಳಗೆ ಬಂದರು. ಟಿವಿಯಲ್ಲಿ ಮತ್ತೆ ಮತ್ತೆ ಆ ಗೋಲನ್ನ ತೋರಿಸ್ತಿದ್ದರು. ರಾಯರು ಆ ಕಡೆ ತಿರುಗಲಿಲ್ಲ. "ಆಮೇಲೆ ನೋಡೋದು ಮದುವೆ ಆಲ್ಬಮ್ ನೋಡಿದ ಹಾಗೆ. ಸೆನ್ಯೋರಾ ಆಗಲೇ ನೋಡಿದಾರೆ" ಅಂತ ಅತ್ತೆ ಎದುರು ಕಾರ್ಪೆಟ್ ಮೇಲೆ ಮಂಡಿಯೂರಿ ಕೂತರು. "ಹೇಗಿತ್ತು? ಎಲ್ಲಾ ಹೇಳಿ."

ಅತ್ತೆ ಸೆರಗು ಸರಿಮಾಡಿಕೊಂಡರು. ಅವರು ಹೇಳಿದ್ದನ್ನ ನಾನು ಇಂಗ್ಲಿಷಿಗೆ ತಿರುಗಿಸಿ ಹೇಳ್ತಾ ಹೋದೆ. "ಯಾರೋ ಒಬ್ಬ ಸಣಕಲ ಹುಡುಗ ಓಡಿ ಬಂದ. ಒದ್ದ. ಒಳಗೆ ಹೋಯ್ತು."

"ಯಾವ ಕಾಲಲ್ಲಿ?"

"ಕಾಲು ಯಾರು ನೋಡಿದ್ರು? ನಾನು ಆ ಕಡೆಯ ಗೋಲ್‌ಕೀಪರ್ ಹುಡುಗನ್ನೇ ನೋಡ್ತಿದ್ದೆ. ಥೇಟ್ ನಮ್ಮ ತಮ್ಮನ ಮಗ, ಅದೇ ಮೂಗು. ದೇವರೇ, ಈ ಮಗು ಕಡೆಯೋರೇ ಗೆಲ್ಲಲಿ ಅಂತ ಮೊದಲಿಂದ ಕೈ ಮುಗೀತಾ ಕೂತಿದ್ದೆ. ಕೊನೆಗೆ ಅವನು ಅಳ್ತಾ ಕೂತುಬಿಟ್ಟ, ಪಾಪ."

ನಾನು ಇಂಗ್ಲಿಷ್ ಬಿಟ್ಟು ರಿಮೋಟ್ ಹುಡುಕೋಕೆ ಶುರು ಮಾಡಿದೆ. "ಏನಂದ್ರು?" ಅಂತ ರಾಯರು ಬಿಡಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ, ಎದುರಿನವರು ಗೆಲ್ಲಲಿ ಅಂತ ಬೇಡ್ಕೋತಿದ್ರಂತೆ ಅಂತ.

ರಾಯರ ಮುಖದ ನಗು ನಿಧಾನಕ್ಕೆ ಇಳಿಯಿತು. ಅತ್ತೆಯನ್ನ ನೋಡಿದರು, ನನ್ನನ್ನ ನೋಡಿದರು, ಸೂರು ನೋಡಿದರು. ಆಮೇಲೆ ಎರಡು ಕೈಯಲ್ಲೂ ತಲೆ ಹಿಡ್ಕೊಂಡು ಹೇಳಿದರು:

"ಅಯ್ಯೋ ದೇವರೇ! ನಮ್ಮ ತಾತ, ನಮ್ಮಪ್ಪ, ನಾನು, ಅಷ್ಟೂ ವರ್ಷ ನಮ್ಮವರೇ ಗೆಲ್ಲಲಿ ಅಂತ ಬೇಡ್ಕೊಂಡ್ವಲ್ಲ!"