ಅಂಜುಬುರುಕಿ ಅಕ್ಕೋರ ಸ್ಲೈಡು ಪಾಠ

ದಾಂಡೇಲಿಯಿಂದ ಜೋಯಿಡಾದವರೆಗೆ ಹುಡುಕಿದರೂ ನಮ್ಮ ಸೋದರತ್ತೆಯಷ್ಟು ಶ್ರದ್ಧೆಯಿಂದ ಹೆದರುವವರು ಸಿಗಲಾರರು. ನಾವೆಲ್ಲ ಕಾರಣವಿದ್ದಾಗ ಹೆದರುತ್ತೇವೆ, ಅದರಲ್ಲೇನು ಹೆಚ್ಚುಗಾರಿಕೆ? ಅತ್ತೆ ಕಾರಣ ಹುಡುಕಿಕೊಂಡು ಹೋಗಿ ಹೆದರುತ್ತಾರೆ! ಬಸ್ಸು ತಡವಾದರೆ ಎಲ್ಲೋ ಉರುಳಿದೆ ಎಂದು, ಬೇಗ ಬಂದರೆ ಬ್ರೇಕು ಹೋಗಿದೆ ಎಂದು.

ಇಂಥವರು ಜೋಯಿಡಾ ಕಡೆಯ ಕಾಡಂಚಿನ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಅಲ್ಲಿನವರ ಬಾಯಲ್ಲಿ ‘ಅಕ್ಕೋರು’. ಹೋದ ವರ್ಷ ಆ ಶಾಲೆಗೆ ಲ್ಯಾಪ್‌ಟಾಪು, ಪ್ರೊಜೆಕ್ಟರು ಬಂದವು. ಮಕ್ಕಳೇ ಚಿತ್ರ, ದನಿ, ಅಕ್ಷರ ಸೇರಿಸಿ ಸ್ಲೈಡು ಮಾಡಿ ಪಾಲಕರ ಸಭೆಯಲ್ಲಿ ತೋರಿಸಬೇಕಂತೆ! ಕಂಪ್ಯೂಟರು ಬಲ್ಲವಳು ನಾನೊಬ್ಬಳೇ ಎಂದು ಅತ್ತೆ ದಾಂಡೇಲಿಯ ಅಂಬೇವಾಡಿಯ ನಮ್ಮ ಮನೆಗೆ ಫೋನು ಮಾಡಿದರು. “ಲಗೂನ ಬಾರವ್ವಾ, ಡಬ್ಬಿ ಹೊಗಿ ಬಿಡಾಕತ್ತೈತಿ!” ಎದ್ದುಬಿದ್ದು ಹೋಗಿ ನೋಡಿದರೆ, ಪ್ರೊಜೆಕ್ಟರಿನ ಹಿಂದೆ ಪೂಜೆಗೆಂದು ಇವರೇ ಹಚ್ಚಿಟ್ಟ ಊದುಬತ್ತಿಯ ಕಡ್ಡಿ!

ಮಕ್ಕಳಿಗೆ ಕೊಟ್ಟ ವಿಷಯವೂ ಅವರ ಪರಿಣತಿಯದ್ದೇ: ‘ನನಗೆ ಯಾವುದರ ಅಂಜಿಕೆ?’ ಮಕ್ಕಳಿಗೆ ಖುಷಿಯೋ ಖುಷಿ. ಪರದೆಯಲ್ಲಿ ಒಬ್ಬನ ಕರಡಿ ಮೇಲಿನಿಂದ ಧೊಪ್ಪೆಂದು ಬಿತ್ತು, ಇನ್ನೊಬ್ಬಳ ಅಕ್ಷರಗಳು ಗರಗರ ತಿರುಗಿದವು. ಅತ್ತೆ ಕಣ್ಣು ಮುಚ್ಚಿಕೊಂಡರು. “ನೋಡೋರಿಗೆ ತಲಿ ತಿರಗಬಾರ್ದು. ಒಂದ ಚಿತ್ರ, ಎರಡ ಸಾಲು. ಉಳದದ್ದು ನಿಮ್ಮ ಬಾಯಾಗಿಂದ ಬರ್ಲಿ.” ಇದಕ್ಕಿಂತ ಒಳ್ಳೆಯ ಪಾಠ ನನಗೂ ಗೊತ್ತಿರಲಿಲ್ಲ.

ಒಬ್ಬ ಹುಡುಗ ಅಪ್ಪನ ಮೊಬೈಲಿನಿಂದ ಆನೆ ಘೀಳಿಟ್ಟ ಸದ್ದು ತಂದಿದ್ದ. ಅತ್ತೆ ಸ್ಪೀಕರಿನಲ್ಲಿ ಅದನ್ನು ಹಾಕಿದ್ದೇ ತಡ, ಆನೆ ಬಂತೆಂದು ಗದ್ದೆಯಲ್ಲಿದ್ದವರೆಲ್ಲ ಡಬ್ಬ ಬಡಿಯುತ್ತ, ಪಟಾಕಿ ಹಿಡಿದು ಶಾಲೆಗೇ ಮುತ್ತಿಗೆ ಹಾಕಿದರು! ಅತ್ತೆ ಎಲ್ಲಿ? ಮೇಜಿನ ಕೆಳಗೆ.

“ಅತ್ತೀ, ಅದು ನೀವ ಹಚ್ಚಿದ ಆನಿ!”

“ನಾ ಹಚ್ಚಿದ್ರೇನವ್ವಾ, ಆನಿ ಆನಿನ ಅಲ್ಲೇನು?”

ಆದರೆ ಅತ್ತೆಯ ನಿಜವಾದ ಭಯ ಬೇರೆಯೇ ಇತ್ತು. ಮೂರನೆಯ ತರಗತಿಯ ಒಬ್ಬ ಹುಡುಗಿ. ಮನೆಯಲ್ಲಿ ಆಡುವುದು ಕೊಂಕಣಿ; ಕನ್ನಡ ತಪ್ಪಾದೀತೆಂದು ಶಾಲೆಯಲ್ಲಿ ಬಾಯಿಯನ್ನೇ ಬಿಡುತ್ತಿರಲಿಲ್ಲ. “ಎಲ್ಲಾರ ಮುಂದ ಅತ್ತಬಿಟ್ರ ಹೆಂಗವ್ವಾ? ಆಮ್ಯಾಲೆ ಆ ಕೂಸು ಎಂದೂ ಮಾತಾಡಂಗಿಲ್ಲ.”

“ಹಂಗಾರ ಆಕಿನ್ನ ಬಿಡ್ರಿ ಮತ್ತ.”

“ಬಿಟ್ರ ಇನ್ನೂ ಅಂಜಿಕಿ ನನಗ. ‘ನೀ ಬ್ಯಾಡ’ ಅಂತ ಆಕಿಗೆ ಅಂದಂಗಾಗೂದಿಲ್ಲೇನು?”

ಸಭೆಯ ದಿನ ಅವಳ ಸರದಿ ಬಂತು. ಪರದೆಯ ಮೇಲೆ ಒಂದು ಹಳ್ಳದ ಚಿತ್ರ, ಕೆಂಪು ನೀರು. ದನಿಯಿಲ್ಲ, ಅಕ್ಷರವಿಲ್ಲ. ಹುಡುಗಿ ತಲೆ ತಗ್ಗಿಸಿ ನಿಂತಳು. ಪಾಲಕರಲ್ಲಿ ಯಾರೋ ಕೆಮ್ಮಿದರು. ಅತ್ತೆ ಗೋಡೆಗೆ ಆತು ನಿಂತು ಥರಥರ ನಡುಗುತ್ತಿದ್ದರು.

ಹುಡುಗಿ ತಲೆಯೆತ್ತಿದಳು. ಜನರನ್ನು ನೋಡಲಿಲ್ಲ, ಅತ್ತೆಯನ್ನು ನೋಡಿದಳು. ಸೀದಾ ಬಂದು ಅವರ ಕೈ ಹಿಡಿದುಕೊಂಡಳು.

“ಅಂಜಬ್ಯಾಡ್ರಿ ಅಕ್ಕೋರ. ನಾ ಹೇಳ್ತೇನಿ.”

ಆಮೇಲೆ ಜನರ ಕಡೆ ತಿರುಗಿ, ತಡೆತಡೆದು ಹೇಳಿದಳು: “ಮಳಿಗಾಲದಾಗ ಈ ಹಳ್ಳ ತುಂಬತೈತಿ. ಸಾಲಿಗೆ ಬರಾಕ ಆಗಂಗಿಲ್ಲ. ನನಗ ಅದ ಅಂಜಿಕಿ.”

ಅತ್ತೆ ಆ ಕೈ ಬಿಡಲೇ ಇಲ್ಲ. ಮುಂದಿನ ಸ್ಲೈಡು ನಾನೇ ಹಾಕಬೇಕಾಯಿತು; ಕಣ್ಣು ತುಂಬಿ ಬಂದು, ಎಲ್ಲಿ ಒತ್ತುತ್ತಿದ್ದೇನೆಂದೇ ಕಾಣಲಿಲ್ಲ.