ಗಂಗೋತ್ರಿ ನಗಬಾರದು

ಮೊಮ್ಮಗಳು ನಗದಿರಲಿ ಎಂದು ದೇವರಲ್ಲಿ ಬೇಡಿಕೊಂಡ ಅಜ್ಜಿ ಸಂತೇಬೆನ್ನೂರಿನಲ್ಲಿ ಇನ್ನೊಬ್ಬರು ಇರಲಾರರು. ನಿರ್ಮಲಮ್ಮ ಬೇಡಿಕೊಂಡರು, ಅದೂ ಕಾಯಿ ಒಡೆದು ಸೋಮವಾರದ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ.

ಏಳು ತಿಂಗಳ ಗಂಗೋತ್ರಿ ಆಕಳಿಸಿದಾಗ ಮೇಲಿನ ಒಸಡಿನಲ್ಲಿ ಏನೋ ಬೆಳ್ಳಗೆ ಕಂಡಿತ್ತು. ಹಲ್ಲು! ಕೂಸಿಗೆ ಮೊದಲು ಬರಬೇಕಾದದ್ದು ಕೆಳಗಿನ ಹಲ್ಲು. ಮೇಲಿನದು ಮೊದಲು ಬಂದರೆ ಸೋದರಮಾವನಿಗೆ ಕೇಡು. ಅವನೇ ಅದನ್ನು ಕಣ್ಣಾರೆ ಕಂಡನೋ, ಮುಗಿದೇಹೋಯಿತು ಎಂಬುದು ಅವರ ತವರಿನ ನಂಬಿಕೆ. ಬೇರೆಯವರಾದರೆ ‘ಸೊಸೆಯ ಅಣ್ಣ ತಾನೇ, ಅವರ ಮನೆಯವರು ನೋಡಿಕೊಳ್ಳಲಿ’ ಎನ್ನಬಹುದಿತ್ತು. ಆದರೆ ಇದು ಕೊಟ್ಟು ತಂದ ಸಂಬಂಧ. ಸೊಸೆ ಶಾಂತಲಾಳನ್ನು ತಂದ ಮನೆಗೇ ಮಗಳು ಮಮತಾಳನ್ನು ಕೊಟ್ಟಿದ್ದರು. ಕೂಸಿನ ಸೋದರಮಾವ ಕೊಟ್ರೇಶ್ ನಿರ್ಮಲಮ್ಮನ ಸ್ವಂತ ಅಳಿಯ.

ಆ ಅಳಿಯ ಕೂಸನ್ನು ನೋಡಲು ಜಗಳೂರಿನಿಂದ ಬೈಕ್ ಹತ್ತಿಯಾಗಿತ್ತು.

“ಶಾಂತಲಾ, ಇವತ್ತು ಕೂಸಿನ ಬಾಯಿಗೆ ಕೈ ಹಾಕಬ್ಯಾಡ.”

“ಯಾಕತ್ತೆ? ಹಾಲು ಕುಡಿಸಿದ ಮ್ಯಾಲೆ ಒದ್ದೆ ಬಟ್ಟೆಲಿ ಒಸಡು ಒರಸಾಕೆ ಡಾಕ್ಟ್ರು ಹೇಳ್ಯಾರಲ್ಲ.”

“ಹಲ್ಲೇ ಇಲ್ಲದ ಬಾಯಿ ಏನು ಒರಸ್ತೀಯೆ? ಪಾತ್ರೆ ಇಲ್ಲದ ಮನೆಯಾಗೆ ತಿಕ್ಕಾಕೆ ಕುಂತಂಗೆ!”

(ಹಲ್ಲು ಬಚ್ಚಿಟ್ಟು ಹಲ್ಲಿಲ್ಲ ಎಂದದ್ದಕ್ಕೆ ಮನಸ್ಸಿನಲ್ಲೇ ಶಿವನಿಗೆ ಕೈಮುಗಿದರು. ಅಳಿಯನ ಪ್ರಾಣದ ಮುಂದೆ ಇಷ್ಟು ಸುಳ್ಳು ಅವನೂ ಕ್ಷಮಿಸಿಯಾನು.)

ಕೊಟ್ರೇಶನಿಗೆ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗದ ಹಳೆಯ ಟ್ರ್ಯಾಕ್ಟರಿನ ಸದ್ದು ಹೊರಡಿಸುವುದರಲ್ಲಿ ಅವನು ಮಹಾವಿದ್ವಾಂಸ. ಆ ಸದ್ದಿಗೆ ನಗದ ಕೂಸು ಮೂರು ತಾಲ್ಲೂಕಿನಲ್ಲಿ ಇರಲಿಲ್ಲ. ಅವನು ಹೊಸ್ತಿಲು ದಾಟುತ್ತಲೇ ನಿರ್ಮಲಮ್ಮ ಕೂಸಿನ ಮುಖವನ್ನು ಹೆಗಲಿಗೊತ್ತಿ ಸೆರಗು ಮುಚ್ಚಿದರು.

“ಏನತ್ತೆ, ನನ್ನ ಸೊಸೀನ ನನಗೇ ತೋರಿಸಲ್ವಾ?”

“ನಿದ್ದೆ ಬಂದೈತೆ, ಅಳಿಯಂದ್ರೆ.”

“ಕಣ್ಣು ಬಿಟ್ಕಂಡೈತಲ್ಲ!”

“ನಿಮ್ಮ ಮಾವನವರೂ ಹಂಗೇ ನಿದ್ದೆ ಮಾಡ್ತಾರೆ. ವಂಶದಾಗೇ ಐತೆ.”

“ಡುರ್... ಡುರ್... ಡುರ್ರ್ರ್...” ಟ್ರ್ಯಾಕ್ಟರ್ ಶುರುವಾಯಿತು. ನಿರ್ಮಲಮ್ಮ ಅಡುಗೆಮನೆಗೆ ಹೋದರು. ಟ್ರ್ಯಾಕ್ಟರ್ ಹಿಂದೆಯೇ ಬಂತು. ಹಿತ್ತಲಿಗೆ ಹೋದರು, ಅಲ್ಲಿಗೂ ಬಂತು. ಬೇರೆ ದಾರಿ ಕಾಣದೆ ಕೂಸನ್ನು ಹೆದರಿಸಲು ಎದುರಿಗೆ ಹಿಡಿದು ಕಣ್ಣು ಕೆಂಪಗೆ ಮಾಡಿ ಗುಡುಗಿದರು. ಟ್ರ್ಯಾಕ್ಟರಿಗೂ ತಡೆದುಕೊಂಡಿದ್ದ ಗಂಗೋತ್ರಿ ಅಜ್ಜಿಯ ಆ ಮುಖ ಕಂಡು ಸೂಳೆಕೆರೆಯ ತೂಬು ತೆಗೆದಂತೆ ನಕ್ಕಳು.

“ಅರೆ! ಮ್ಯಾಲಿನ ಹಲ್ಲು ಬಂದೈತೆ!” ಎಂದು ಹಿಗ್ಗಿದ ಕೊಟ್ರೇಶನಿಗೆ ತನ್ನ ತಾಯಿ ಹೇಳುತ್ತಿದ್ದ ಮಾತೂ ಮರುಕ್ಷಣವೇ ನೆನಪಾಯಿತು. ಇಂಥದ್ದನ್ನೆಲ್ಲ ನಂಬುವವರನ್ನು ಅಂಗಡಿಯಲ್ಲಿ ಕೂತು ಗೇಲಿ ಮಾಡುವವನು ಮೆಲ್ಲಗೆ ಒಗೆಯುವ ಕಲ್ಲಿನ ಮೇಲೆ ಕುಳಿತ.

“ನನ್ನ ಮಗಳ ತಾಳಿ ಗಟ್ಟಿ ಮಾಡಪ್ಪಾ, ಶಿವನೇ!” ನಿರ್ಮಲಮ್ಮನಿಗೆ ಅಳು ತಡೆಯಲಾಗಲಿಲ್ಲ.

ಸದ್ದು ಕೇಳಿ ಶಾಂತಲಾ ಹಿತ್ತಲಿಗೆ ಬಂದಳು. ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಕೂಸಿನ ಒಸಡನ್ನು ಒರೆಸಿದಳು. ಹಲ್ಲು ಬಟ್ಟೆಗೇ ಬಂತು.

“ಅಯ್ಯೋ, ಕಿತ್ತೇಬಿಟ್ಟೆಯೇನೇ!”

“ಕಾಯಿ ಚೂರು, ಅತ್ತೆ.”

ಅಣ್ಣ ತಂಗಿ ಇಬ್ಬರೂ ನಿರ್ಮಲಮ್ಮನ ಮುಖವನ್ನೇ ನೋಡಿದರು. ಅವರು ನುಗ್ಗೆ ಮರ ನೋಡಿದರು.

“ಒಸಡು ನವೆ ಆಗಿ ಪಾಪ, ಕೈ ಕಚ್ಕಂತಿತ್ತು. ನೀನು ಜಳಕಕ್ಕೆ ಹೋದಾಗ ಒಂದೀಟು ಚೀಪಾಕೆ ಕೊಟ್ಟೆ. ವಾಪಸ್ಸೂ ಇಸ್ಕಂಡೆ. ಪ್ರಸಾದ ಅಲ್ಲೇನು?”

“ಗಂಟಲಿಗೆ ಸಿಕ್ಕಿದ್ರೆ?” ಶಾಂತಲಾ ದನಿ ಏರಿಸಲಿಲ್ಲ. ಏರಿಸಿದ್ದರೆ ನಿರ್ಮಲಮ್ಮನಿಗೆ ಉತ್ತರ ಸಿಗುತ್ತಿತ್ತು.

“ಅಂತೂ ನನಗೆ ಗಂಡಾಂತರ ಹಲ್ಲಿಂದಲ್ಲ, ಅತ್ತೆಯಿಂದ,” ಎಂದು ಜೀವ ಬಂದ ಕೊಟ್ರೇಶ್ ಎದ್ದು ನಿಂತ.

“ಸಾಕು ಸುಮ್ನಿರಿ. ಕೊಡೇ ಆ ಬಟ್ಟೆ. ಇನ್ಮ್ಯಾಲೆ ನಾನೇ ಒರಸ್ತೀನಿ.” ಶಾಂತಲಾ ಬಟ್ಟೆ ಜಾಲಿಸಿ ಕೊಟ್ಟಳು. ನಿರ್ಮಲಮ್ಮ ಸೊಸೆಯಂತೆಯೇ ಬೆರಳಿಗೆ ಸುತ್ತಿ ಕೆಳಗಿನ ಒಸಡಿಗೆ ಹಚ್ಚಿದರು.

“ಅಯ್ಯಯ್ಯಪ್ಪಾ!”

“ಏನಾತತ್ತೆ?”

“ಕಚ್ತು! ಹಲ್ಲು ಐತೆ ಕಣೇ, ಕೆಳಗೇ ಐತೆ! ಅಳಿಯಂದ್ರೆ, ನೂರು ವರ್ಷ ನಿಮಗೆ!” ನಿರ್ಮಲಮ್ಮನ ಕಣ್ಣಲ್ಲಿ ಆನಂದಬಾಷ್ಪ ಧಾರಾಕಾರವಾಗಿ ಸುರಿಯಿತು.

“ಅಷ್ಟು ಖುಷಿ ಆದ್ರೆ ಬೆರಳು ತೆಗೀರಿ ಅತ್ತೆ, ನಾನೂ ನೋಡ್ತೀನಿ,” ಎಂದ ಕೊಟ್ರೇಶ್.

“ತೆಗೀತಿದ್ದೆ ಕಣ್ರೀ, ಇದು ಬಿಡಬೇಕಲ್ಲ!”